ಅರಬ್ಬೀ ಸಮುದ್ರದಲ್ಲಿ ಗುಂಡ್ಲುಪೇಟೆಯ ನೀರು

ಕಾಲೊರಸನ್ನು ಮೂಗಿಗೆ ಹಿಡಿದುಕೊಂಡು ಕೂತ ಮುದುಕಿಯನ್ನು ನೀವು ಎಲ್ಲಾದರೂ ನೋಡಿದ್ದೀರೋ ಇಲ್ಲವೋ, ನನ್ನ ಮಗಳಂತೂ ಮೊನ್ನೆ ನೋಡಿದಳು. ಸಂತೆಯಿಂದ ತೆಂಗಿನ ನಾರಿನ ಹೊಸ ಕಾಲೊರಸು ತಂದು ಬಾಗಿಲಿಗೆ ಹಾಕಿದ್ದಳು. ರಾತ್ರಿ ಹನಿ ಬಿದ್ದು ಅದು ನೆನೆದಿತ್ತು. ಬಿಸಿಲಿಗೆ ಹಾಕೋಣವೆಂದು ಎತ್ತಿಕೊಂಡ ನಾನು ಹಾಗೇ ಜಗಲಿಯ ಮೇಲೆ ಕೂತುಬಿಟ್ಟೆ.

"ಅವ್ವ, ಅದ್ಯಾಕವ್ವ ಅದ್ನ ಮೂಸ್ತಾ ಕೂತಿದ್ದೀಯೆ?" ಎಂದಳು ಮಗಳು.

"ಹಡಗಿನ ವಾಸ್ನೆ ಕಣಮ್ಮಿ" ಎಂದೆ. ಅವಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಅವಳನ್ನು ದೂರಿ ಫಲವಿಲ್ಲ. ಗುಂಡ್ಲುಪೇಟೆಯಲ್ಲಿ ಕೂತು ಹಡಗಿನ ಮಾತಾಡುವವರಿಗೆ ಜ್ವರ ಬಂದಿದೆಯೆಂದೇ ತಿಳಿಯಬೇಕು. ನಮ್ಮ ಕಡೆ ನೀರೆಂದರೆ ಕೆರೆಯದು, ಇಲ್ಲವೇ ಬಾವಿಯದು. ನಾನು ಹುಟ್ಟಿ ಬೆಳೆದ ಹರದನಹಳ್ಳಿಯಲ್ಲಿ ಕೆರೆ ತುಂಬಿದ ವರ್ಷ ಅದರ ಆಚೆ ದಡ ಕಾಣದಿದ್ದರೆ ನಾವು ಮಕ್ಕಳು ಹೆದರಿ ಹಿಂದೆ ಸರಿಯುತ್ತಿದ್ದೆವು. ಸಮುದ್ರದ ವಿಷಯವೋ, ಚಾಮರಾಜನಗರದ ಮಿಡ್ಲ್ ಸ್ಕೂಲಿನಲ್ಲಿ ನಾನು ಕಲಿತದ್ದೇ ಬೇರೆ. ಶಾಲೆಯ ಭೂಪಟದಲ್ಲಿ ಅರಬ್ಬೀ ಸಮುದ್ರ ಇರಬೇಕಾದ ಕಡೆ ಇಲಿ ಕಡಿದು ದೊಡ್ಡ ತೂತಾಗಿತ್ತು. ಮೇಷ್ಟ್ರು ಬೆತ್ತವನ್ನು ಆ ತೂತಿನೊಳಗೆ ತೂರಿಸಿ, "ಇದೇ ಅರಬ್ಬೀ ಸಮುದ್ರ" ಎನ್ನುತ್ತಿದ್ದರು. ಬೆತ್ತ ಹಿಂದಿನ ಗೋಡೆಗೆ ತಾಗಿ ಟಕ್ಕೆನ್ನುತ್ತಿತ್ತು. ಹಾಗಾಗಿ ಅರಬ್ಬೀ ಸಮುದ್ರದ ಹಿಂದೆ ಒಂದು ಗೋಡೆಯಿದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆಯಲಿಲ್ಲ, ಅಷ್ಟು ಬುದ್ಧಿಯಿತ್ತು.

ಅಂಥವಳು ಹಾಯಿ ಹಡಗಿನಲ್ಲಿ ಕೂತು ಕಲ್ಲಿಕೋಟೆಯಿಂದ ಮಂಗಳೂರಿಗೆ ಹೋದೆ. ಮೂರು ದಿನದ ಪ್ರಯಾಣ ಎಂದು ಬರೆಯುತ್ತಿದ್ದೇನೆ, ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿರುವ ಯಜಮಾನರು "ನಾಕ್ ದಿನ" ಎಂದು ತಿದ್ದುತ್ತಿದ್ದಾರೆ. ಆಯಿತು, ನಾಲ್ಕು ದಿನ. ಈ ಯಜಮಾನರ ಹೆಸರು ಬರೆಯಲು ನನಗೆ ಈಗಲೂ ಕೈ ಬರುವುದಿಲ್ಲ. ನಮ್ಮ ಅತ್ತೆ ಕರೆಯುತ್ತಿದ್ದಂತೆ ನೀವೂ ಮಾದು ಎಂದೇ ಅಂದುಕೊಳ್ಳಿ.

ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗ ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಯಜಮಾನರು, ನಾನು. ಹೊಲವಿತ್ತು, ಜೊತೆಗೆ ಹುರುಳಿ ವ್ಯಾಪಾರ. ಲಾರಿಗೆ ಹುರುಳಿ ಹೇರಿಕೊಂಡು ಯಜಮಾನರು ಘಟ್ಟ ಇಳಿದು ಕಲ್ಲಿಕೋಟೆಗೆ ಹೋಗಿ ಬರುತ್ತಿದ್ದರು. ಮಲಬಾರಿನ ಎತ್ತುಗಳೆಲ್ಲ ತಮ್ಮ ಹುರುಳಿ ತಿಂದೇ ಗಾಡಿ ಎಳೆಯುತ್ತವೆ ಎಂಬ ಹೆಮ್ಮೆ ಅವರಿಗೆ. ಹೋದಾಗಲೆಲ್ಲ ಒಂದು ಮೂಟೆ ಸುದ್ದಿ ತರುತ್ತಿದ್ದರು. ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಮನೆ ಬಾಗಿಲಲ್ಲಿ ಕಾಲು ತೊಳೆಯುವಷ್ಟರಲ್ಲಿ ಕಲ್ಲಿಕೋಟೆಯ ಪೂರ್ತಿ ವರದಿ ಮುಗಿದಿರುತ್ತಿತ್ತು. ಅಲ್ಲಿನ ಹಾಯಿ ಹಡಗುಗಳ ಮಾತು ಬಂದರೆ ಮಾತ್ರ ಒದ್ದೆ ಕಾಲಲ್ಲೇ ನಿಂತು ಹೇಳುತ್ತಿದ್ದರು. ಒಂದು ದಿನ ಹತ್ತೇ ಹತ್ತುತ್ತೇನೆ ಎನ್ನುತ್ತಿದ್ದರು. ಅತ್ತೆ, "ಅದೇನ್ ಎತ್ತಿನ ಗಾಡಿಯೇನ್ಲಾ?" ಎಂದು ಬೈದು ಒಳಗೆ ಕರೆಯುತ್ತಿದ್ದರು.

ಮದುವೆಯಾದ ಮೂರನೆಯ ವರ್ಷ ನಮಗೆ ಒಂದು ಮಗು ಹುಟ್ಟಿತು. ಗಂಡು. ಏಳು ದಿನ ಇತ್ತು, ಆಮೇಲೆ ಇರಲಿಲ್ಲ.

ನಾವು ಲಿಂಗ ಕಟ್ಟಿಕೊಳ್ಳುವ ಜನ. ಹುಟ್ಟಿದ ಮಗುವಿಗೂ ತಡಮಾಡದೆ ಕಟ್ಟುತ್ತೇವೆ. ಸಾಯುವ ತನಕ ಅದು ಮೈಬಿಟ್ಟು ಹೋಗಬಾರದು. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡಿದ ಹೊರತು ತೊಟ್ಟು ನೀರೂ ಗಂಟಲಿಗಿಳಿಸುವಂತಿಲ್ಲ. ನನ್ನ ಮಗುವಿನ ಎದೆಗೆ ಕಟ್ಟಿದ್ದ ಪುಟ್ಟ ಲಿಂಗ ಮಗುವಿನೊಂದಿಗೇ ಮಣ್ಣಿಗೆ ಹೋಯಿತು.

ನಾನು ಅಳಲಿಲ್ಲ. ಅತ್ತುಬಿಟ್ಟರೆ ಸರಿಹೋಗುತ್ತಾಳೆ ಎಂದು ಬಂದವರೆಲ್ಲ ಹೇಳಿದರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ತಟ್ಟೆಯ ಮುಂದೆ ಕೂತರೆ ಮುದ್ದೆ ಆರಿ ಕಲ್ಲಾಗುವ ತನಕ ನೋಡುತ್ತಿದ್ದೆ. ಎಂಟು ತಿಂಗಳು ಹೀಗೇ ಕಳೆಯಿತು. ನನಗೆ ಬದುಕುವ ಆಸೆ ಹೋಗಿತ್ತು. ಈಗ ಇದನ್ನು ಒಂದೇ ಸಾಲಿನಲ್ಲಿ ಬರೆಯುತ್ತಿದ್ದೇನೆ, ಆಗ ಯಾರಿಗೂ ಹೇಳಲಿಲ್ಲ.

ಚಾಮರಾಜನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಡಾಕ್ಟರು ನಾಡಿ ನೋಡಿ, ನಾಲಗೆ ನೋಡಿ, ಔಷಧಿ ಬರೆಯದೆ ಕನ್ನಡಕ ಒರೆಸಿಕೊಂಡರು. "ಸ್ವಲ್ಪ ದಿನ ಬೇರೆ ಊರಿಗೆ ಕರ್ಕೊಂಡು ಹೋಗಿ. ಗಾಳಿ ಬದಲಾಗಲಿ" ಎಂದರು. ಮನೆಗೆ ಬಂದ ಮೇಲೆ ಅತ್ತೆ ಮೈಸೂರು ಎಂದರು, ನನ್ನ ತೌರಿನವರು ನಂಜನಗೂಡು ಎಂದರು. ಯಜಮಾನರು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದರು, ಅವರ ಮಟ್ಟಿಗೆ ಅದು ದೊಡ್ಡ ಸಾಹಸ. ಮೂರನೆಯ ದಿನ, "ಕಲ್ಲಿಕೋಟೆಗೆ ಓಗನ. ಅಲ್ಲಿಂದ ಅಡಗಲ್ಲಿ ಮಂಗ್ಳೂರು. ಗಾಳಿ ಅಂದ್ರೆ ಅದು ಗಾಳಿ" ಎಂದರು.

"ಮಂಗ್ಳೂರ್ಗೆ ರೈಲಿಲ್ವೇನ್ಲಾ?" ಎಂದರು ಅತ್ತೆ.

"ರೈಲಲ್ಲಿ ಎಲ್ಲೈತವ್ವ ಗಾಳಿ? ಬರೀ ಒಗೆ."

ಅತ್ತೆ ಬೈಯುತ್ತಾರೆಂದು ಕಾದೆ. ಅವರು ನನ್ನ ಮುಖ ನೋಡಿ, ಅಟ್ಟದಿಂದ ಎರಡು ತಾಮ್ರದ ಬಿಂದಿಗೆ ಇಳಿಸಿದರು. ಹುಣಸೆಹಣ್ಣು ಹಾಕಿ ಬೆಳಗಿ, ನಮ್ಮ ಬಾವಿಯ ನೀರು ತುಂಬಿ, ಬಾಯಿಗೆ ಮಡಿಬಟ್ಟೆ ಕಟ್ಟಿದರು. ಮಲಬಾರಿನ ನೀರಿನಲ್ಲಿ ಪೂಜೆ ಮಾಡಿದರೆ ಆಗದೆಂದಲ್ಲ, ಸೊಸೆಗೆ ನೀರು ಬದಲಾಗಿ ನೆಗಡಿಯಾದರೆ ಎಂಬ ಭಯ. ಗಾಳಿ ಬದಲಾಗಲಿ, ನೀರು ಮಾತ್ರ ಬೇಡ ಎಂಬುದು ಅವರ ವೈದ್ಯ. ಹುರಿಹಿಟ್ಟು, ಒಣ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಕಟ್ಟಿಕೊಟ್ಟರು. ಕೊನೆಗೆ ನನ್ನ ಕತ್ತಿನ ಶಿವದಾರ ನೋಡಿ, "ಸವ್ದದೆ ಕಣಮ್ಮಿ. ಒಸ ದಾರ ಕಟ್ಕ" ಎಂದು ದಾರದ ಉಂಡೆ ಕೈಗಿತ್ತರು. ನಾಳೆ ಕಟ್ಟಿಕೊಂಡರಾಯಿತು ಎಂದು ಉಂಡೆಯನ್ನು ಗಂಟಿನೊಳಗೆ ಹಾಕಿದೆ. ಆಗ ನಾನು ಮಾಡಬೇಕಾದ ಎಲ್ಲ ಕೆಲಸವೂ ನಾಳೆಗೇ ಬಿದ್ದಿತ್ತು.

ಇನ್ನೂ ಕರ್ನಾಟಕ ಒಂದಾಗಿರಲಿಲ್ಲ. ನಾವು ಮೈಸೂರಿನವರು, ಮಲಬಾರು ಮಂಗಳೂರುಗಳೆಲ್ಲ ಮದ್ರಾಸಿನವು. ಮದ್ರಾಸಿನಲ್ಲಿ ಪಾನನಿರೋಧ. ಬಸ್ಸು ಕಾಡು ದಾಟಿ ಗಡಿ ಮುಟ್ಟುತ್ತಲೇ ಚೆಕ್‌ಪೋಸ್ಟಿನ ಪೇದೆ ಹತ್ತಿ, ನಮ್ಮ ಸೀಟಿನ ಕೆಳಗಿನ ಎರಡು ಬಿಂದಿಗೆ ನೋಡಿದ. ಬಾಯಿಗೆ ಬಟ್ಟೆ ಬೇರೆ ಕಟ್ಟಿದೆ. ಅವನ ಕಣ್ಣು ಅರಳಿತು.

"ವೆಳ್ಳಂ, ವೆಳ್ಳಂ" ಎಂದರು ಯಜಮಾನರು. ಅವರ ಸಂತೆ ಮಲಯಾಳದಲ್ಲಿ ನೀರು ಎಂದರ್ಥ. ಮಳೆಯ ಸೀಮೆಯಾದ ಮಲಬಾರಿಗೆ ಗುಂಡ್ಲುಪೇಟೆಯಿಂದ ಯಾರಾದರೂ ನೀರು ಹೊರುತ್ತಾರೆಯೆ? ಪೇದೆ ನಂಬಲಿಲ್ಲ. ಬಟ್ಟೆ ಬಿಚ್ಚಿ ಮೂಸಿದ. ಎರಡನೆಯದನ್ನೂ ಮೂಸಿದ. ಆಮೇಲೆ ನಮ್ಮಿಬ್ಬರ ಮುಖ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿ ಇಳಿದುಹೋದ. ಬಸ್ಸಿನವರೆಲ್ಲ ನಕ್ಕರು. ನಾನೂ ನಗುತ್ತೇನೇನೋ ಎಂದು ಯಜಮಾನರು ಓರೆಗಣ್ಣಲ್ಲಿ ನೋಡಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಕಲ್ಲಿಕೋಟೆಯಲ್ಲಿ ಸಮುದ್ರ ನೋಡಿದೆ. ಹಿಂದೆ ಗೋಡೆ ಇರಲಿಲ್ಲ. ಯಜಮಾನರ ಹುರುಳಿ ಕೊಳ್ಳುತ್ತಿದ್ದ ಸಾಹುಕಾರರು ಪರಿಚಯದ ಒಂದು ಪತ್ತೆಮಾರಿ ಗೊತ್ತು ಮಾಡಿದ್ದರು. ಪತ್ತೆಮಾರಿಯೆಂದರೆ ಎರಡು ಕಂಬದ ಹಾಯಿ ಹಡಗು, ಇಂಜಿನ್ ಗಿಂಜಿನ್ ಏನೂ ಇಲ್ಲ. ಒಣಶುಂಠಿ ಮೂಟೆ, ಅದರ ಮೇಲೆ ತೆಂಗಿನ ನಾರಿನ ಹಗ್ಗದ ಕಟ್ಟುಗಳನ್ನು ಹೇರಿಕೊಂಡು ಮಂಗಳೂರಿಗೆ ಹೊರಟಿತ್ತು. ಹಡಗು ನಡೆಸುವ ಯಜಮಾನನಿಗೆ ತಂಡೇಲ ಎನ್ನುತ್ತಾರೆ. ನಮ್ಮ ತಂಡೇಲರು ಮೊಯ್ದೀನ್ ಕಾಕ, ಬಿಳಿ ಗಡ್ಡದ ಮಾಪಿಳ್ಳೆ ಮುದುಕರು. ಅವರ ಕೈಕೆಳಗೆ ನಾಲ್ಕು ಜನ ಖಲಾಸಿಗಳು. ಹೆಂಗಸು ಬರುತ್ತಾಳೆಂದು ತಿಳಿದು ಕಾಕ ಹಿಂದುಗಡೆ ಹಳೆಯ ಹಾಯಿಬಟ್ಟೆ ಅಡ್ಡ ಕಟ್ಟಿ ಬಚ್ಚಲು ಮಾಡಿಸಿದ್ದರು, ಹಗ್ಗದ ಕಟ್ಟುಗಳ ಮೇಲೆ ನೆರಳಿಗೆ ಓಲೆಯ ಮಾಡು ಹಾಕಿಸಿದ್ದರು. ಮಂಗಳೂರಿಗೆ ಹೋಗಿ ಹೋಗಿ ಅವರಿಗೆ ಕನ್ನಡ ಬರುತ್ತಿತ್ತು. "ಕೂತುಕೊಳ್ಳಿ ಅಮ್ಮ, ಹೆದರುದು ಬೇಡ. ಕರೆ ಕಾಣುವಷ್ಟು ದೂರದಲ್ಲೇ ಹೋಗುದು" ಎಂದರು. ಕರೆಯೆಂದರೆ ಅವರ ಕಡೆ ದಡ.

ಹಾಯಿ ಏರಿದಾಗ ಯಜಮಾನರು ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ ಗಾಳಿ ಕುಡಿದರು. "ನೋಡ್ದೇನಮ್ಮಿ? ಅಂಗೇ ತೂಕ್ಕಂಡ್ ಓಯ್ತದೆ, ತೊಟ್ಲಂಗೆ" ಎಂದವರು ತಕ್ಷಣ ನಾಲಗೆ ಕಚ್ಚಿಕೊಂಡರು. ತೊಟ್ಟಿಲ ಮಾತು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಎದುರು ತಿರುಗಿತು. ಹಡಗು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಕೊಂಡು ಅಂಕುಡೊಂಕಾಗಿ ಹೋಗತೊಡಗಿತು. ಹಡಗಿನ ಕನಸು ಕಂಡಿದ್ದ ನಮ್ಮ ಯಜಮಾನರೇ ಎಲ್ಲರಿಗಿಂತ ಮೊದಲು ಅಂಚಿಗೆ ಓಡಿ ವಾಂತಿ ಮಾಡಿದರು. ಅವರ ಹಿಂದೆ ನಾನು. ಸಂಜೆಯ ತನಕ ಇಬ್ಬರೂ ಅಂಚಿನ ಮೇಲೆ ಎದೆಯೂರಿಕೊಂಡು, ಅಕ್ಕಪಕ್ಕ, ಸಮುದ್ರಕ್ಕೆ ಹುರಿಹಿಟ್ಟು ಅರ್ಪಿಸಿದೆವು. ಆಮೇಲೆ ನಾರಿನ ಕಟ್ಟುಗಳ ಮೇಲೆ ಉರುಳಿಕೊಂಡದ್ದಷ್ಟೇ ಗೊತ್ತು.

ಬೆಳಿಗ್ಗೆ ಎಚ್ಚರವಾದಾಗ ಹೊಟ್ಟೆ ನೆಟ್ಟಗಿತ್ತು. ದಡದ ಕಡೆಯಿಂದ ತಂಪುಗಾಳಿ. ಹಾಯಿಬಟ್ಟೆಯ ಮರೆಯಲ್ಲಿ ಸ್ನಾನ ಮಾಡಿ, ವಿಭೂತಿ ತೆಗೆದು, ಪೂಜೆಗೆಂದು ಎದೆಗೆ ಕೈಹಾಕಿದೆ. ಲಿಂಗ ಇರಲಿಲ್ಲ. ಸವೆದ ದಾರದ ಒಂದು ತುಂಡು ಮಾತ್ರ ರವಿಕೆಗೆ ಸಿಕ್ಕಿಕೊಂಡಿತ್ತು.

ನಮ್ಮಲ್ಲಿ ಲಿಂಗ ಕಳೆದುಕೊಳ್ಳುವುದೆಂದರೆ ಏನೆಂದು ಹೊರಗಿನವರಿಗೆ ಹೇಗೆ ಹೇಳಲಿ? ನನ್ನ ಅಜ್ಜಿ ಒಬ್ಬ ರೈತನ ಕಥೆ ಹೇಳುತ್ತಿದ್ದರು. ಹರದನಹಳ್ಳಿಯ ಕೆರೆಯಲ್ಲಿ ಎತ್ತು ತೊಳೆಯುವಾಗ ಅವನ ಲಿಂಗ ಜಾರಿತಂತೆ. ಸಿಕ್ಕರೆ ನೀರು, ಇಲ್ಲದಿದ್ದರೆ ಇಲ್ಲೇ ಪ್ರಾಣ ಎಂದು ಏರಿಯ ಮೇಲೆ ಕೂತುಬಿಟ್ಟನಂತೆ. ಊರಿನವರೆಲ್ಲ ಮಂಕರಿಯಲ್ಲಿ ಕೆಸರು ಮೊಗೆದು ಜಾಲಾಡಿ ಮಾರನೆಯ ದಿನ ಹುಡುಕಿಕೊಟ್ಟರಂತೆ. ಕೆರೆಯನ್ನು ಜಾಲಾಡಬಹುದು. ನಾನು ಹಿಂದಿನ ದಿನ ಸಂಜೆಯ ತನಕ ಎದೆಯೂರಿ ವಾಂತಿ ಮಾಡಿದ್ದು ಅರಬ್ಬೀ ಸಮುದ್ರಕ್ಕೆ.

ಯಜಮಾನರು ನನ್ನ ಮುಖ ನೋಡಿ, ದಾರದ ತುಂಡು ನೋಡಿ, ಕಾಕನನ್ನು ಕೂಗಿದರು. ಕಾಕ ಒಂದು ಮಾತೂ ಹೆಚ್ಚಿಗೆ ಕೇಳಲಿಲ್ಲ. ಖಲಾಸಿಗಳು ಹಲಗೆ ಹಲಗೆ ತಡವಿದರು, ಸುತ್ತಿಟ್ಟ ಹಗ್ಗ ಬಿಚ್ಚಿದರು, ಹಾಯಿಯ ಮಡಿಕೆ ಕೊಡವಿದರು, ಮೇಲಿನ ಹತ್ತಾರು ನಾರಿನ ಕಟ್ಟು ಎತ್ತಿ ಇಣುಕಿದರು. ಸಿಗಲಿಲ್ಲ. ಎಲ್ಲ ಕಟ್ಟು ಇಳಿಸಿ ನೋಡಲು ಹಡಗಿನಲ್ಲಿ ಜಾಗವೆಲ್ಲಿದೆ? "ಒಳಗೆ ಬಿದ್ದಿದ್ದರೆ ಮಂಗಳೂರಿನಲ್ಲಿ ಸರಕು ಇಳಿಸುವಾಗ ಸಿಗ್ತದೆ. ನೀರಿಗೆ ಬಿದ್ದಿದ್ದರೆ..." ಎಂದು ಕಾಕ ಮಾತು ನಿಲ್ಲಿಸಿದರು. ಕಣ್ಣಾನೂರಿನಲ್ಲಿ ದೋಣಿ ಹಾಕಿಸಿ ಇಳಿಸುತ್ತೇನೆ, ರೈಲಿನಲ್ಲಿ ಹಿಂದಕ್ಕೆ ಹೋಗಿ ಎಂದರು. ನಾನು ಒಪ್ಪಲಿಲ್ಲ. ಲಿಂಗ ಈ ಹಡಗಿನಲ್ಲಿದೆಯೋ ಇಲ್ಲವೋ ಗೊತ್ತಾಗದೆ ನಾನು ಹಡಗು ಬಿಟ್ಟು ಇಳಿಯುವಂತಿರಲಿಲ್ಲ. ಸಿಗುವ ತನಕ ನೀರು ಮುಟ್ಟುವಂತೆಯೂ ಇರಲಿಲ್ಲ.

ಕಾಕ ನನ್ನೆದುರು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು: "ಅಮ್ಮ, ನಾವು ನೋಂಬು ಹಿಡಿಯುದುಂಟು, ಉಪವಾಸ. ನೀರೂ ಕುಡಿಯುದಿಲ್ಲ. ಸೂರ್ಯ ಮುಳುಗಿದರೆ ನಮಗೆ ನೀರು ಉಂಟು. ನಿಮಗೆ ಯಾವಾಗ?"

ಮಂಗಳೂರಿಗೆ ಇನ್ನೂ ಮೂರು ದಿನ. ಮೈಯಲ್ಲಿದ್ದ ನೀರೆಲ್ಲ ನಿನ್ನೆಯೇ ಸಮುದ್ರ ಸೇರಿತ್ತು, ಮೇಲೆ ಬಿಸಿಲು ಸುರಿಯುತ್ತಿತ್ತು.

ಸುಳ್ಳು ಹೇಳುವುದಿಲ್ಲ, ನನಗೆ ಭಯದ ಜೊತೆಗೆ ಒಂದು ಬಗೆಯ ನಿರಾಳವೂ ಆಯಿತು. ಮಗುವಿನ ಲಿಂಗ ಮಗುವಿನೊಂದಿಗೆ ಹೋಯಿತು, ಈಗ ನನ್ನದು ನನ್ನನ್ನು ಬಿಟ್ಟು ಹೋಯಿತು, ಇನ್ನು ನಾನೂ ಹೋಗಬಹುದು ಎಂದುಕೊಂಡೆ. ಯಾರೂ ನನ್ನನ್ನು ತಪ್ಪು ಎನ್ನುವಂತಿಲ್ಲ. ಹಿರಿಯರ ಮಾತಿನಂತೆಯೇ ನಡೆದುಕೊಂಡಳು ಎನ್ನುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿಕೊಂಡು, ಮುಖಕ್ಕೆ ಸೆರಗು ಹೊದ್ದು ಮಲಗಿದೆ. ಇಪ್ಪತ್ತು ವರ್ಷದ ಹುಡುಗಿಯ ಬುದ್ಧಿ. ಆ ಹುಡುಗಿ ಈಗ ಸಿಕ್ಕರೆ ಎರಡು ಬಿಗಿದು, ಆಮೇಲೆ ತಬ್ಬಿಕೊಳ್ಳುತ್ತಿದ್ದೆ.

ಆ ದಿನವೆಲ್ಲ ಯಜಮಾನರು ಪಕ್ಕದಲ್ಲಿ ಕೂತಿದ್ದರು. ಮಾತಾಡಲಿಲ್ಲ. ಅವರ ಬಾಯಿ ಕಟ್ಟಿದ್ದನ್ನು ನಾನು ಹೆಚ್ಚಾಗಿ ಗಮನಿಸಲೂ ಇಲ್ಲ. ಮಾರನೆಯ ದಿನ ಮಧ್ಯಾಹ್ನ ಗಾಳಿ ಪೂರ್ತಿ ಬಿದ್ದುಹೋಯಿತು. ಹಾಯಿ ಜೋತುಬಿದ್ದು ಹಡಗು ನಿಂತಲ್ಲೇ ನಿಂತಿತು. ಸೆಕೆಗೆ ಸೆರಗು ಸರಿಸಿ ಎದ್ದು ಕೂತೆ. ಆಗ ಎರಡು ಬಿಂದಿಗೆ ಕಣ್ಣಿಗೆ ಬಿದ್ದವು. ಎರಡರ ಬಾಯಿಗೂ ಅತ್ತೆ ಹಾಕುವ ಹೆಣ್ಣುಗಂಟು. ಹಡಗು ಹತ್ತಿದ ದಿನ ನೀರು ಬಗ್ಗಿಸಿಕೊಂಡ ಮೇಲೆ ನಾನೇ ಹಾಗೆ ಕಟ್ಟಿದ್ದೆ. ಯಜಮಾನರಿಗೆ ಆ ಗಂಟು ಹಾಕಲು ಬಾರದು. ಅಂದರೆ ಯಾರೂ ಬಿಚ್ಚಿಲ್ಲ. ಅವರ ಕಡೆ ನೋಡಿದೆ. ತುಟಿ ಒಡೆದು ಬಿಳಿಚಿಕೊಂಡಿತ್ತು.

"ನೀವು ಪೂಜೆ ಮಾಡ್ಕಂಡ್ರಾ?"

"ಇಲ್ಲ."

"ನೆನ್ನೆ?"

"ಇಲ್ಲ ಕಣಮ್ಮಿ."

"ಅಂದ್ರೆ ನೆನ್ನೆಯಿಂದ ನೀರೇ ಕುಡ್ದಿಲ್ವಾ?"

"ಪೂಜೆ ಇಲ್ದೆ ಎಂಗ್ ಕುಡಿಯದು?"

"ನಿಮ್ಮ ಲಿಂಗ ನಿಮ್ಮ ಎದೆ ಮೇಲೇ ಅದಲ್ಲ, ಮಾಡಾಕೆ ನಿಮ್ಗೇನು ಧಾಡಿ?"

"ನಿನ್ನ ಬುಟ್ಬುಟ್ಟು ನಾನೊಬ್ನೇ ಕುಡುದು, ಉಂಡು, ಮಂಗ್ಳೂರಲ್ಲಿ ಇಳ್ದು ಏನ್ ಮಾಡ್ಲಿ?"

ನನಗೆ ಎಲ್ಲಿತ್ತೋ ಸಿಟ್ಟು. ಎಂಟು ತಿಂಗಳಲ್ಲಿ ಮೊದಲ ಸಲ ಧ್ವನಿ ಎತ್ತಿದೆ. ಮದುವೆಯಾದಾಗಿನಿಂದ ನಾಲ್ಕು ಜನರೆದುರಿಗೆ ಗಂಡನೊಂದಿಗೆ ಎರಡು ಮಾತಾಡಿದವಳಲ್ಲ, ಅವತ್ತು ಖಲಾಸಿಗಳೆಲ್ಲ ತಿರುಗಿ ನೋಡುವಂತೆ ಕೂಗಿದೆ. "ಸಾಯಾಕೆ ನಿಮ್ಗೇನ್ ಬಂದದೆ? ಮಗೀನ ಕಳ್ಕಂಡೋಳು ನಾನು! ಲಿಂಗ ಕಳ್ಕಂಡೋಳು ನಾನು! ನಿಮ್ಗೇನ್ ಬಂದದೆ?"

ಅವರು ಒಡೆದ ತುಟಿ ಒರೆಸಿಕೊಂಡರು.

"ನಂಗೂ ಮಗ ಅಲ್ವಾ ಅಮ್ಮಿ?" ಎಂದರು. "ಬಂದೋರೆಲ್ಲ ನಿನ್ನ ತಾವ ಕೂತ್ರು, ನಿನ್ನ ಕೇಳುದ್ರು. ನನ್ನ ಯಾರೂ ಏನೂ ಕೇಳ್ಲಿಲ್ಲ. ಗುಂಡಿವೊಳಕ್ಕೆ ಇಳ್ದು ಅದ್ನ ಮಲಗುಸ್ದೋನು ನಾನು ಕಣಮ್ಮಿ."

ಇಷ್ಟು ಹೇಳಿ ಅವರು ಅತ್ತರು. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಮನುಷ್ಯ ಇದೊಂದನ್ನು ಎಂಟು ತಿಂಗಳು ಇಟ್ಟುಕೊಂಡಿದ್ದರು. ನಾನು ಒಂದು ದಿನವೂ ಕೇಳಿರಲಿಲ್ಲ. ಹೊಲಕ್ಕೆ ಹೋದರು, ಹುರುಳಿ ತೂಗಿದರು, ನನಗೆ ನಗು ಬರಲೆಂದು ಹಡಗಿನ ಕಥೆ ಹೇಳಿದರು, ಆದ್ದರಿಂದ ಅವರಿಗೆ ಏನೂ ಆಗಿಲ್ಲ ಎಂದುಕೊಂಡಿದ್ದೆ. ನನಗೆ ನಾಚಿಕೆ ಆಯಿತು. ನಾನೂ ಅತ್ತುಬಿಟ್ಟೆ, ಮಗು ಹೋದ ಮೇಲೆ ಮೊದಲ ಸಲ. ಅಳಲು ಮೈಯಲ್ಲಿ ನೀರಿರಲಿಲ್ಲ, ಬರೀ ಬಿಕ್ಕಿದೆ.

ಅತ್ತು ಮುಗಿದಾಗ ನನಗೆ ಸಾಯುವ ಮನಸ್ಸು ಇರಲಿಲ್ಲ. ನಾನು ಸತ್ತರೆ ಇವರೂ ಸಾಯುತ್ತಾರೆ, ಇವರು ಇರಬೇಕು, ಅದಕ್ಕೆ ನಾನು ನೀರು ಕುಡಿಯಬೇಕು. ಅಷ್ಟೇ ತೋಚಿದ್ದು. ಬಿಂದಿಗೆಯ ಗಂಟು ಬಿಚ್ಚಿದೆ.

"ತೆಗೀರಿ ನಿಮ್ಮ ಲಿಂಗವ" ಎಂದೆ.

"ನನ್ನದ?"

"ಇಬ್ರೂ ಕೂತ್ಕಳನ."

ಒಬ್ಬರ ಲಿಂಗ ಇನ್ನೊಬ್ಬರಿಗಾಗುವುದಿಲ್ಲ. ಗಂಡ ಹೆಂಡತಿಯಾದರೂ ಅಷ್ಟೇ. ನಾನು ಮಾಡುತ್ತಿರುವುದು ದೊಡ್ಡ ತಪ್ಪೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಮರುಮಾತಿಲ್ಲದೆ ಕೈಕಾಲು ತೊಳೆದು, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡರು. ನಿತ್ರಾಣದಿಂದ ಕೈ ನಡುಗಿ ಲಿಂಗ ಜಾರುವಂತಾಯಿತು. ನಾನು ಅವರ ಅಂಗೈ ಕೆಳಗೆ ನನ್ನ ಅಂಗೈ ಕೊಟ್ಟೆ. ಆಮೇಲೆ ಅದು ನಿಂತಿತು. ಹೂವಿಲ್ಲ, ಪತ್ರೆಯಿಲ್ಲ. ಗುಂಡ್ಲುಪೇಟೆಯ ಬಾವಿಯ ನೀರೆರೆದು, ವಿಭೂತಿ ಧರಿಸಿ, ಕಣ್ಣು ಮುಚ್ಚಿದೆವು. ಕಾಕ ಖಲಾಸಿಗಳಿಗೆ ಏನೋ ಗದರಿ ಎಲ್ಲರ ಮುಖವನ್ನೂ ಇನ್ನೊಂದು ಕಡೆಗೆ ತಿರುಗಿಸಿದರು, ತಾವೂ ತಿರುಗಿ ನಿಂತರು.

ಆ ನೀರಿನ ರುಚಿ ಹೇಗಿತ್ತೆಂದು ಕೇಳಬೇಡಿ. ನಮ್ಮ ಬಾವಿಯ ನೀರು ಸ್ವಲ್ಪ ಒಗರು, ತಾಮ್ರ ಸೇರಿ ಇನ್ನಷ್ಟು ಒಗರು. ಮೊದಲ ಗುಟುಕು ನಾನು ಕುಡಿಯಲಿ ಎಂದು ಅವರು ಕಾದರು, ಅವರು ಕುಡಿಯಲಿ ಎಂದು ನಾನು ಕಾದೆ. ಕೊನೆಗೆ ಕಾಕನೇ ಬೆನ್ನು ತಿರುಗಿಸಿ ನಿಂತಲ್ಲಿಂದ, "ನೋಂಬು ಬಿಟ್ಟಿತಾ ಅಮ್ಮ?" ಎಂದು ಕೂಗಿದರು.

"ಬುಡ್ತು ಕಾಕ" ಎಂದೆ. ಇಬ್ಬರೂ ಒಟ್ಟಿಗೆ ಕುಡಿದೆವು. ಕಾಕ ಎರಡು ಎಳನೀರು ಕೆತ್ತಿ ತಂದು, ನಮ್ಮನ್ನು ಮುಟ್ಟದಂತೆ ಹಲಗೆಯ ಮೇಲಿಟ್ಟು ಹೋದರು.

ಅಲ್ಲಿಂದ ಮುಂದೆ ನಾನು ಹಡಗಿನ ಪ್ರಯಾಣ ಮಾಡಿದೆ ಎನ್ನಬಹುದು. ಅದುವರೆಗೆ ನಾರಿನ ಕಟ್ಟಿನಂತೆ ಬಿದ್ದಿದ್ದೆನಷ್ಟೆ. ದಡದ ತೆಂಗಿನ ಸಾಲು, ಸಮುದ್ರಕ್ಕೆ ಚಾಚಿದ ಹಳೆಯ ಕೋಟೆ, ಹಡಗಿನ ಪಕ್ಕಕ್ಕೇ ಬಂದು ನೆಗೆದು ಹೋದ ಮೀನುಗಳು, ಎಲ್ಲ ಕಣ್ಣಿಗೆ ಬಿದ್ದವು. ಹಸಿವೂ ಆಯಿತು. ಒಣ ರೊಟ್ಟಿಯನ್ನು ಎಳನೀರಿನಲ್ಲಿ ನೆನೆಸಿಕೊಂಡು ತಿಂದೆವು. ಅದಕ್ಕೆ ಹುಚ್ಚೆಳ್ಳು ಚಟ್ನಿಪುಡಿ ಹೊಂದುವುದಿಲ್ಲ, ಯಾರೂ ಪ್ರಯತ್ನಿಸಬೇಡಿ. ನಾಲ್ಕನೆಯ ದಿನ ಕಾಕ ನನ್ನನ್ನು ಕರೆದು ಚುಕ್ಕಾಣಿ ಹಿಡಿಸಿದರು. ಹಡಗು ಸ್ವಲ್ಪವೇ ತಿರುಗಿತು, ನಾನು ಕಿರುಚಿ ಬಿಟ್ಟುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರು ನಗುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಮಂಗಳೂರಿನಲ್ಲಿ ಸರಕು ಇಳಿಸುವಾಗ ನಾವು ಬಂದರಿನ ಧಕ್ಕೆಯ ಮೇಲೆ ನಿಂತು ನೋಡಿದೆವು. ಅರ್ಧಕ್ಕಿಂತ ಹೆಚ್ಚು ಕಟ್ಟು ಇಳಿದ ಮೇಲೆ ಒಬ್ಬ ಖಲಾಸಿ ಕೂಗಿದ. ಕಾಕ ಯಾರೂ ಮುಟ್ಟಬಾರದೆಂದು ಕೈ ಅಡ್ಡ ಹಿಡಿದು, ನನ್ನನ್ನೇ ಕರೆದರು. ಎರಡು ನಾರಿನ ಕಟ್ಟುಗಳ ಸಂದಿಯಲ್ಲಿ, ಬಟ್ಟೆ ಸುತ್ತಿದ ಹಾಗೇ, ನನ್ನ ಲಿಂಗ ಇತ್ತು. ಸೆರಗಿನಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಯಜಮಾನರು ಕಾಕನ ಎರಡೂ ಕೈ ಹಿಡಿದುಕೊಂಡು, ಯಾವ ಭಾಷೆಯೆಂದು ಹೇಳಲಾಗದ ಭಾಷೆಯಲ್ಲಿ ಏನೇನೋ ಹೇಳಿದರು.

ಮಡಿಕೇರಿ ದಾರಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಊರು ಸೇರಿದೆವು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ, ಅತ್ತೆಗೆ ಏನು ಹೇಳುವುದು? ದಾರ ಬದಲಾಯಿಸು ಎಂದದ್ದನ್ನು ಕೇಳಲಿಲ್ಲ, ಲಿಂಗ ಕಳೆದೆ, ಅದು ಸಾಲದೆಂದು ಗಂಡನ ಲಿಂಗಕ್ಕೇ ಪೂಜೆ ಮಾಡಿ ನೀರು ಕುಡಿದೆ. ಇವರಿಗೆ ಸುಮ್ಮನಿರಿ ಎಂದು ಹತ್ತು ಸಲ ಹೇಳಿದೆ. ಆದರೆ ನಮ್ಮ ಯಜಮಾನರು ಬಾಗಿಲಲ್ಲಿ ಕಾಲು ತೊಳೆಯುವಷ್ಟರಲ್ಲಿ ಎಲ್ಲ ಹೇಳಿಬಿಟ್ಟರು, ಗುಂಡಿಯ ಮಾತಿನ ತನಕ.

ಅತ್ತೆ ಚೊಂಬು ಹಿಡಿದು ನಿಂತೇ ಕೇಳಿದರು. ಮುಖದಲ್ಲಿ ಏನೂ ತಿಳಿಯಲಿಲ್ಲ.

"ಕೆಳಕ್ಕೆ ಬಿದ್ದು ಸಿಕ್ಕಿರೋ ಲಿಂಗವ ಅಂಗೇ ಕಟ್ಕಳಾಕಾಗಕಿಲ್ಲ" ಎಂದರು ಕೊನೆಗೆ. "ಸೋಮ್ವಾರ ಮಠಕ್ಕೋಗಿ ಸ್ವಾಮ್ಗಳ ಕೈಲಿ ತಿರ್ಗ ಕಟ್ಟುಸ್ಕಬೇಕು."

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಅಲ್ಲಿಯ ತನಕ ನಾನು ನೀರು ಕುಡಿಯುವುದು ಹೇಗೆಂದು ಅತ್ತೆ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ.

ನಮ್ಮ ಮನೆಯ ಪದ್ಧತಿ ಹೀಗಿತ್ತು. ದೇವರ ಕೋಣೆಯಲ್ಲಿ ಒಂದೇ ಮಣೆ. ಮೊದಲು ಗಂಡಸರು ಕೂತು ಪೂಜೆ ಮಾಡಿಕೊಂಡು ಏಳಬೇಕು. ಆಮೇಲೆ ಅತ್ತೆ, ಎಲ್ಲರದೂ ಮುಗಿದ ಮೇಲೆ ಸೊಸೆ. ಮಾವನವರು ಇದ್ದ ಕಾಲದಲ್ಲಿ ಅತ್ತೆಯೂ ಹಾಗೇ ಹೊರಗೆ ನಿಂತು ಕಾದವರು.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಎಂದಿನಂತೆ ಕೋಣೆಯ ಹೊರಗೆ ನಿಂತೆ. ಗಂಟಲು ಒಣಗಿತ್ತು. ಒಳಗೆ ಇಣುಕಿದರೆ ಯಜಮಾನರು ಕೂತಿದ್ದರು, ಅವರ ಪಕ್ಕದಲ್ಲಿ ಇನ್ನೊಂದು ಮಣೆ ಇತ್ತು. ಅತ್ತೆ ಬಗ್ಗಿ ಎರಡು ಮಣೆಯ ನಡುವೆ ನೀರಿನ ಚೊಂಬು ಇಡುತ್ತಿದ್ದರು.

"ಅದ್ಯಾಕಮ್ಮಿ ಒರ್ಗಡೆ ನಿಂತ್ಕಂಡಿದ್ದೀಯೆ?" ಎಂದರು, ತಲೆಯೆತ್ತದೆ. "ಅವ್ನು ಕಾಯ್ತಾವ್ನೆ. ಬಾ, ಕೂತ್ಕ."

ನಾನು ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಅತ್ತೆ ಸೆರಗು ಹೊದ್ದುಕೊಂಡು ಹೊರಗೆ ಬಂದು, ನಾನು ನಿಂತಿದ್ದ ಜಾಗದಲ್ಲಿ ನಿಂತು ತಮ್ಮ ಸರದಿಗೆ ಕಾದರು.